ಎಲುಬು, ಕಲ್ಲು ಮತ್ತು ವಿಜ್ಞಾನಿಯ ನಾಲಿಗೆ

ವ್ಯವಹಾರ ಇಷ್ಟೇ: ಮ್ಯೂಸಿಯಮ್ಮಿನಲ್ಲಿ ಖಾಲಿ ಇದ್ದದ್ದು ಒಂದೇ ಗಾಜಿನ ಪೆಟ್ಟಿಗೆ. ಅದಕ್ಕೆ ಆಸೆಪಟ್ಟವರು ಇಬ್ಬರು: ಕೋಟ್ಯಂತರ ವರ್ಷ ಹಿಂದಿನ ಕ್ರಿಟೇಶಿಯಸ್ ಕಾಲದ ಬಂಡೆಯಿಂದ ಉದುರಿದ ಡೈನೋಸಾರ್ ಎಲುಬಿನ ಚೂರು, ಮತ್ತು ಅದರ ಪಕ್ಕದಲ್ಲೇ ಬಿದ್ದಿದ್ದ ಅದೇ ಬಣ್ಣದ ಒಂದು ಕಲ್ಲು.

"ನಿನ್ನ ಮೈತುಂಬ ತೂತು ಕಣಯ್ಯಾ," ಎಂದಿತು ಕಲ್ಲು. "ಇಂಥ ಮಾಲನ್ನು ಯಾರು ಒಯ್ಯುತ್ತಾರೆ? ನನ್ನನ್ನು ನೋಡು, ಸೂಜಿಮೊನೆಯೂ ಇಳಿಯದು."

"ನಿಜ ಸ್ವಾಮಿ," ಎಂದಿತು ಎಲುಬು.

ಪಳೆಯುಳಿಕೆ ಹುಡುಕುತ್ತಾ ಬಂದ ವಿಜ್ಞಾನಿ ನೀಲಾಂಬಿಕೆ ಎರಡನ್ನೂ ಎತ್ತಿಕೊಂಡರು. ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ. ಆ ಕಸುಬಿನ ವಾಡಿಕೆಯಂತೆ ಒಂದೊಂದನ್ನೂ ನೆಕ್ಕಿ ನೋಡಿದರು. ಕಲ್ಲು ಜಾರಿತು. ಮೈತುಂಬ ತೂತಿದ್ದ ಎಲುಬು ಎಂಜಲು ಹೀರಿ ನಾಲಿಗೆಗೆ ಗಟ್ಟಿಯಾಗಿ ಅಂಟಿಕೊಂಡಿತು.

"ಥಿಕ್ಕಿತು, ಥಿಕ್ಕಿತು!" ಎಂದು ಅವರು ಅಂಟಿದ ನಾಲಿಗೆಯಲ್ಲೇ ಕೂಗಿದರು.

ಎಲುಬಿಗೆ ಗಾಜಿನ ಪೆಟ್ಟಿಗೆ ದಕ್ಕಿತು. ಕಲ್ಲಿನ ಗಳಿಕೆ ಒಂದಿಷ್ಟು ಎಂಜಲು. ಅದೂ ಮಧ್ಯಾಹ್ನದೊಳಗೆ ಒಣಗಿಹೋಯಿತು.