ಸವರುಗಲ್ಲು ಗುಡ್ಡ

ಈ ಗುಡ್ಡಕ್ಕೆ ಸವರುಗಲ್ಲು ಎಂದು ಹೆಸರಿಟ್ಟವನು ನಾನೇ. ಸುಳ್ಳು. ಹೆಸರು ನನ್ನ ಮುತ್ತಜ್ಜನ ಮುತ್ತಜ್ಜನಿಗಿಂತ ಹಳೆಯದು. ನನ್ನ ಪಾಲಿಗೆ ಬಂದದ್ದು ಅದರ ಕತೆ ಮಾತ್ರ, ಅದಕ್ಕೂ ನಾನು ಹೇಳುವಾಗಲೆಲ್ಲ ಅಷ್ಟಿಷ್ಟು ಉಪ್ಪುಖಾರ ಹಚ್ಚಿದ್ದೇನೆ. ನೀರ್ಕೋಡಿಯ ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಬಡಗಣ ದಂಡೆಯಲ್ಲಿ ಗುಡ್ಡ ಒಂಟಿಯಾಗಿ ನಿಂತಿದೆ. ನೆತ್ತಿಯ ಮೇಲೆ ಎಮ್ಮೆ ಮಲಗಿದಂತೆ ಒಂದು ಕರೀ ಬಂಡೆ. ಯಾವುದೋ ಕಾಲದಲ್ಲಿ ಸಿಡಿಲು ಬಡಿದು ಅದಕ್ಕೆ ಶಕ್ತಿ ಬಂತು ಎನ್ನುತ್ತಾರೆ. ಶಾಲೆಯ ಮಕ್ಕಳನ್ನು ಮೇಷ್ಟ್ರು ವರ್ಷಕ್ಕೊಮ್ಮೆ ಇಲ್ಲಿಗೆ ಕರೆತರುತ್ತಾರೆ. ಗುಂಡುಸೂಜಿ ಹಿಡಿದರೆ ಬಂಡೆ ಕಚ್ಚಿಕೊಳ್ಳುತ್ತದೆ, ಹಿತ್ತಾಳೆಯ ಗುಂಡಿ ಜಾರಿ ಬೀಳುತ್ತದೆ, ಟೀಚರಮ್ಮನ ಚಿನ್ನದ ಬಳೆಯನ್ನಂತೂ ಅದು ಕಣ್ಣೆತ್ತಿಯೂ ನೋಡುವುದಿಲ್ಲ. ದಿಕ್ಸೂಚಿ ತಂದರೆ ಅದರ ಮುಳ್ಳು ಉತ್ತರವನ್ನು ಬಿಟ್ಟು ಬಂಡೆಯತ್ತ ವಾಲುತ್ತದೆ. ಉತ್ತರ ದಿಕ್ಕು ನಮ್ಮ ಮನೆಯ ಹಿತ್ತಲಲ್ಲಿದೆ, ಅದಕ್ಕೇ ಮುಳ್ಳು ಹುಡುಕುತ್ತಿದೆ ಎಂದು ನಾನು ಒಮ್ಮೆ ಆ ಮಕ್ಕಳನ್ನು ನಂಬಿಸಿದ್ದೆ. ಮೇಷ್ಟ್ರು ಇಂದಿಗೂ ನನ್ನನ್ನು ಕಂಡರೆ ಛತ್ರಿ ಅಡ್ಡ ಹಿಡಿಯುತ್ತಾರೆ.

ಹಿಂದೆ ಒಮ್ಮೆ, ದೋಣಿಗಳಿಗೆ ಹಾಯಿ ಬಿಟ್ಟರೆ ಬೇರೆ ಗತಿಯಿಲ್ಲದ ಕಾಲದಲ್ಲಿ, ಈ ಗುಡ್ಡದ ಬುಡದಲ್ಲಿ ಗಣಪಾಚಾರಿ ಎಂಬ ಕಮ್ಮಾರನಿದ್ದ. ಅಳಿವೆಯ ದೊಡ್ಡ ಹಾಯಿದೋಣಿಯ ನಾಯಕ ಜಟ್ಟಪ್ಪ ತಾಂಡೇಲ ಅವನ ಜೀವದ ಗೆಳೆಯ. ಇಬ್ಬರೂ ಎದುರಾದರೆ ಜಗಳ, ಅಗಲಿದರೆ ಹುಡುಕಾಟ. ಜಟ್ಟಪ್ಪನ ಬಳಿ ಅಜ್ಜನ ಕಾಲದ ಒಂದು ಕಬ್ಬಿಣದ ಮೀನಿತ್ತು. ಬೆರಳುದ್ದದ ತೆಳ್ಳನೆಯ ತಗಡು, ಅದನ್ನು ಹಗುರ ಮರದ ಚಕ್ಕೆಯ ಮೇಲಿಟ್ಟು ಎಣ್ಣೆಯ ಬಟ್ಟಲಲ್ಲಿ ತೇಲಿಬಿಟ್ಟರೆ ಸಾಕು, ಮೆಲ್ಲಗೆ ತಿರುಗಿ ತಲೆಯನ್ನು ಬಡಗಣಕ್ಕೆ ಮಾಡಿ ನಿಲ್ಲುತ್ತಿತ್ತು. ಮೋಡ ಕವಿದು ನಕ್ಷತ್ರ ಕಾಣದ ದಿನಗಳಲ್ಲಿ ದೋಣಿಗೆ ಅದೇ ಕಣ್ಣು. ಅಜ್ಜ ಅದನ್ನು ಗುಡ್ಡದ ಬಂಡೆಗೆ ಸವರಿ ವರ ಪಡೆದದ್ದೆಂದು ಎಲ್ಲರಿಗೂ ಗೊತ್ತಿತ್ತು. ಕೊಟ್ಟ ವರ ಕೊಟ್ಟದ್ದೇ, ದೇವರು ಅದನ್ನು ಹಿಂದಕ್ಕೆ ಕೇಳುವುದಿಲ್ಲ ಎಂದೂ ನಂಬಿದ್ದರು. ಬಟ್ಟಲಿಗೆ ಎಣ್ಣೆ ಹೊಯ್ಯುವುದಕ್ಕೂ ಒಂದು ಕಟ್ಟಳೆಯಿತ್ತು. ದಂಡೆ ಕಣ್ಣಿಗೆ ಕಾಣುತ್ತಿರುವಷ್ಟು ಹೊತ್ತು ಮೀನನ್ನು ತೇಲಿಸಬಾರದು. ಮನೆಯ ಮಾಡು ಕಾಣುವಾಗಲೇ ದಾರಿ ಕೇಳಿದರೆ ಮನೆಯನ್ನೇ ಅವಮಾನಿಸಿದಂತೆ ಎನ್ನುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯಿತು ಎಂದುಕೊಂಡು ಜಟ್ಟಪ್ಪ ತೆಂಕಣ ಬಂದರಿಗೆ ಹೊರಡಲು ಸಿದ್ಧನಾದ. ಹೊರಡುವ ಮುಂಚೆ ದೋಣಿಯ ಮೊಳೆ, ಸರಪಳಿ, ಲಂಗರು ಎಲ್ಲವೂ ಆಚಾರಿಯ ಕುಲುಮೆಗೆ ಬಂದು ಹೋಗುವುದು ರೂಢಿ. ಆ ರಾಶಿಯ ಜೊತೆ ಮೀನೂ ಬಂತು. ಅದರ ಬೆನ್ನಿಗೆ ತುಕ್ಕು ಹತ್ತಿತ್ತು, ಬಾಲ ಸೊಟ್ಟಗಾಗಿತ್ತು. ಜಟ್ಟಪ್ಪ ಅದನ್ನು ತಿಕ್ಕಿ ಕೊಡು ಎಂದಷ್ಟೇ ಹೇಳಿದ್ದ. ಆದರೆ ಗೆಳೆಯ ಕಡಲಿಗೆ ಹೋಗುವಾಗ ಬರೀ ತಿಕ್ಕಿ ಕೊಟ್ಟರೆ ಕಮ್ಮಾರನ ಮರ್ಯಾದೆ ಉಳಿಯುವುದೇ? ಬೆಂಕಿಗೆ ಬಿದ್ದ ಕಬ್ಬಿಣ ಕೆಡುವುದಿಲ್ಲ ಎಂಬುದು ಅವನ ಕುಲದ ಮಾತು. ಕೊಡಲಿಯಾಗಲಿ ಕುಡುಗೋಲಾಗಲಿ, ಬೆಂಕಿ ಕಂಡೇ ಹೊಸಜನ್ಮ ಪಡೆದದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಮೀನನ್ನು ಕೆಂಡದ ನಡುವೆ ಇಟ್ಟು, ತಿದಿಯೊತ್ತಿ, ಕೆಂಪಗೆ ಕಾಯಿಸಿ, ಸಣ್ಣ ಸುತ್ತಿಗೆಯಿಂದ ಬಾಲ ನೇರ ಮಾಡಿದ. ಕಣ್ಣಿನ ಜಾಗದಲ್ಲಿ ಒಂದು ಚುಕ್ಕಿ ಕೊರೆದ, ಮೈಮೇಲೆ ಹುರುಪೆಯ ಗೆರೆ ಎಳೆದ. ಜಟ್ಟಪ್ಪ ಅದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಇಷ್ಟು ಚೆಂದದ ಮೀನನ್ನು ನಮ್ಮ ಮನೆಯವಳ ಕೈಗೆ ಕೊಟ್ಟರೆ ಸಾರು ಮಾಡಿಬಿಡ್ತಾಳೆ ಮಾರಾಯ ಎಂದು ನಕ್ಕನಂತೆ. ಆಚಾರಿಯೂ ಬಿಡಲಿಲ್ಲ, ನೀನು ಹಿಡಿದ ಮೀನಿಗಿಂತ ನಾನು ಹೊಡೆದ ಮೀನೇ ದಪ್ಪ ಎಂದನಂತೆ. ಇದು ಅವರ ಕೊನೆಯ ಜಗಳ. ದೋಣಿ ಇಳಿತದ ನೀರಿಗೆ ಹೊರಟಿತು. ದಂಡೆ ಕಾಣುತ್ತಿತ್ತಾದ್ದರಿಂದ ಯಾರೂ ಎಣ್ಣೆ ಹೊಯ್ಯಲಿಲ್ಲ.

ಮುಂದಿನದನ್ನು ಹೇಳಿದವನು ಕುಪ್ಪಯ್ಯನೆಂಬ ಹಾಯಿಗಾರ. ಹಲಗೆಯೊಂದನ್ನು ತಬ್ಬಿ ದೂರದ ಯಾವುದೋ ಊರಿನ ಮರಳಿಗೆ ಬಿದ್ದು, ಅಲ್ಲಿಂದ ನಡೆದು ಬಂದವನು ಅವನೊಬ್ಬನೇ. ಮುಗಿಯಿತೆಂದುಕೊಂಡ ಮಳೆ ನಡುಗಡಲಲ್ಲಿ ತಿರುಗಿ ಬಂತು, ಆಕಾಶ ಮುಚ್ಚಿಕೊಂಡಿತು. ತಾಂಡೇಲ ಎಣ್ಣೆ ಹೊಯ್ದು ಮೀನನ್ನು ಬಿಟ್ಟ. ಅದು ತಲೆ ಮಾಡಿ ನಿಂತ ಕಡೆಯನ್ನೇ ಬಡಗಣವೆಂದು ಹಿಡಿದು ಚುಕ್ಕಾಣಿ ತಿರುಗಿಸಿದ. ಅಲೆಯ ಹೊಡೆತ ಬೇರೆ ಹೇಳುತ್ತಿದೆ, ನಾವು ಬಂಡೆಸಾಲಿನ ಕಡೆ ಹೋಗುತ್ತಿದ್ದೇವೆ ಎಂದು ಹಳೆಯ ಆಳುಗಳು ಹೇಳಿನೋಡಿದರು. ಜಟ್ಟಪ್ಪ ಕೇಳಲಿಲ್ಲ. ಇದು ಗಣಪ ತನ್ನ ಕೈಯಾರೆ ಸರಿಮಾಡಿ ಕೊಟ್ಟದ್ದು, ಅಲೆ ಸುಳ್ಳು ಹೇಳಬಹುದು, ಇದು ಹೇಳುವುದಿಲ್ಲ ಎಂದನಂತೆ. ಬಂಡೆಗಳ ಸದ್ದು ಕೇಳಿದಾಗ ಕುಪ್ಪಯ್ಯ ಮೀನಿನ ತಲೆಯನ್ನು ಬೆರಳಿನಿಂದ ತಳ್ಳಿನೋಡಿದ. ತಳ್ಳಿದಲ್ಲೇ ಅದು ಸುಮ್ಮನೆ ನಿಂತಿತು. ಮತ್ತೆ ತಿರುಗಿ ಬರಲಿಲ್ಲ.

ಊರಿನವರು ಸಮುದ್ರರಾಜ ಮುನಿದನೆಂದರು, ಹೊತ್ತು ನೋಡದೆ ಹೊರಟರೆಂದರು. ಕುಲುಮೆಯತ್ತ ಯಾರೂ ಬೆರಳು ತೋರಿಸಲಿಲ್ಲ, ಯಾರಿಗೂ ಹಾಗೆ ತೋಚಲೂ ಇಲ್ಲ. ಗಣಪಾಚಾರಿಗೆ ಮಾತ್ರ ಕುಪ್ಪಯ್ಯನ ಮಾತು ಎದೆಯಲ್ಲಿ ಮುರಿದ ಮುಳ್ಳಾಯಿತು. ಅವನು ಎರಡು ಹೊಸ ಮೀನು ಮಾಡಿ ಗುಡ್ಡ ಹತ್ತಿ, ಬಂಡೆಗೆ ಬಾಲದಿಂದ ತಲೆಯ ಕಡೆಗೆ ಸವರಿದ. ಒಂದೇ ಬಟ್ಟಲಲ್ಲಿ ಬಿಟ್ಟಾಗ ಎರಡರ ತಲೆಗಳು ಒಂದನ್ನೊಂದು ಕಂಡು ದೂರ ಸರಿದವು, ಒಂದರ ತಲೆಗೆ ಇನ್ನೊಂದರ ಬಾಲ ಬಂದು ಅಂಟಿತು. ಬೇರೆ ಬೇರೆ ಬಟ್ಟಲಲ್ಲಿ ಬಿಟ್ಟರೆ ಎರಡೂ ಬಡಗಣ ನೋಡಿದವು. ಆಮೇಲೆ ಒಂದನ್ನು ಕುಲುಮೆಗೆ ಒಯ್ದು, ಅಂದು ಮಾಡಿದಂತೆಯೇ ಕೆಂಪಗೆ ಕಾಯಿಸಿ, ಆರಿಸಿ ತಂದು ಮತ್ತೆ ತೇಲಿಬಿಟ್ಟ. ಅದು ಬಿಟ್ಟಲ್ಲೇ ನಿಂತಿತು. ಒಳ್ಳೆಯ ಮೀನಿನ ತಲೆ ತೋರಿಸಿದರೆ ತಲೆಗೆ ಬಂತು, ಬಾಲ ತೋರಿಸಿದರೆ ಬಾಲಕ್ಕೂ ಬಂತು, ಯಾವುದೋ ಮೊಳೆ ಬರುವ ಹಾಗೆ. ಎಳೆಸಿಕೊಳ್ಳುವುದು ಮಾತ್ರ ಉಳಿದಿತ್ತು, ತಳ್ಳುವುದು ಸತ್ತುಹೋಗಿತ್ತು. ಜೀವವಿದ್ದ ಕಬ್ಬಿಣ ತನ್ನಂಥದ್ದರ ಜೊತೆ ಜಗಳವಾಡುತ್ತದೆ ಎಂಬುದು ಗಣಪಾಚಾರಿಗೆ ಅಂದು ತಿಳಿಯಿತು ಎನ್ನುತ್ತಾರೆ. ಜಗಳವಾಡಲು ಅವನಿಗೆ ಈಗ ಯಾರೂ ಇರಲಿಲ್ಲ.

ಸುಮ್ಮನಿದ್ದರೆ ಈ ಸಂಗತಿ ಬೂದಿಯಲ್ಲೇ ಹೂತುಹೋಗುತ್ತಿತ್ತು. ಆದರೆ ಅವನು ಆ ಎರಡೂ ಮೀನುಗಳನ್ನು ಹಿಡಿದು ಜಟ್ಟಪ್ಪನ ಮನೆಗೆ ಹೋದ. ಜಟ್ಟಪ್ಪನ ಹೆಂಡತಿ ಮಾದೇವಿ ಜಗಲಿಯಲ್ಲಿ ಬಲೆಯ ಹರಕು ಹೆಣೆಯುತ್ತಿದ್ದಳು. ಅವಳ ಮುಂದೆ ಬಟ್ಟಲಿಟ್ಟು, ಒಂದೊಂದಾಗಿ ಮೀನು ಬಿಟ್ಟು, ಎಲ್ಲವನ್ನೂ ತೋರಿಸಿದ. ಅವಳು ಅಳುತ್ತಾಳೆ, ಬೈಯುತ್ತಾಳೆ, ಇಲ್ಲವೇ ಬಟ್ಟಲೆತ್ತಿ ತಲೆಗೆ ಒಡೆಯುತ್ತಾಳೆ ಎಂದು ಕಾದ. ಒಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ತಿರುಗದ ಮೀನನ್ನು ಬೆರಳಿನಿಂದ ತಳ್ಳಿನೋಡಿದಳು.

"ಅವರು ಹೊರಡುವಾಗ ಇದನ್ನು ನೋಡಿ ನಗ್ತಿದ್ರಾ ಅಣ್ಣ?"

"ನಗ್ತಿದ್ದ ತಂಗಿ. ನೀನು ಸಾರು ಮಾಡ್ತೀ ಅಂತ ಹೇಳಿ ನಗ್ತಿದ್ದ."

ಮಾದೇವಿ ಸೆರಗಿನಿಂದ ಕೈಯೆಣ್ಣೆ ಒರೆಸಿಕೊಂಡಳು. ಆಮೇಲೆ ಹೇಳಿದಳಂತೆ, "ಹುಣ್ಣಿಮೆ ಕಳೆದ ಮೇಲೆ ನನ್ನ ತಮ್ಮ ದೋಣಿ ಹತ್ತುತ್ತಾನೆ. ಅವನ ಮೀನನ್ನು ನೀನೇ ಸವರಿ ಕೊಡು. ಬೆಂಕಿ ತೋರಿಸಬೇಡ."

ಇದು ಕ್ಷಮೆಯೋ ಶಿಕ್ಷೆಯೋ ಎಂದು ನಮ್ಮ ಕಡೆಯ ಹಿರಿಯರು ಇಂದಿಗೂ ವಾದಿಸುತ್ತಾರೆ. ನಾನು ಕೇಳಿದವರನ್ನು ನೋಡಿ ಉತ್ತರ ಬದಲಾಯಿಸುತ್ತೇನೆ. ಗಣಪಾಚಾರಿ ಅದನ್ನು ಕೇಳಲೇ ಇಲ್ಲ. ಅಂದಿನಿಂದ ಅವನು ಕುಲುಮೆ ಹೊತ್ತಿಸಲಿಲ್ಲ. ಹೊರಡುವ ಪ್ರತಿ ದೋಣಿಯವರೂ ಮೀನನ್ನು ಗುಡ್ಡಕ್ಕೆ ತಂದರು, ಅವನು ಬಂಡೆಯ ಪಕ್ಕ ಕುಳಿತು ಸವರಿಕೊಟ್ಟ. ಸದಾ ಒಂದೇ ಕಡೆಗೆ ಸವರುತ್ತಿದ್ದ. ತುದಿ ಮುಟ್ಟಿದ ಮೇಲೆ ಕೈಯೆತ್ತಿ, ದೂರದಿಂದ ಸುತ್ತಿ ತಂದು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಕೊಟ್ಟದ್ದನ್ನು ಕಿತ್ತುಕೊಂಡಂತೆ ಎನ್ನುತ್ತಿದ್ದನಂತೆ. ದಂಡೆ ಕಾಣುವಾಗಲೇ ಎಣ್ಣೆ ಹೊಯ್ದು ನೋಡಿ ಹೊರಡುವ ಪದ್ಧತಿಯನ್ನೂ ಅವನೇ ತಂದ. ಅವಮಾನವಾದರೆ ನನ್ನ ಮನೆಗಾಗಲಿ ಎಂದ. ಅವನ ಕೂದಲು ನೆರೆತು ಕಣ್ಣು ಮಂಜಾಗುವವರೆಗೂ ಅದೇ ಕೆಲಸ. ಹೀಗೆ ಹೆಸರಿಲ್ಲದ ಗುಡ್ಡ ಸವರುಗಲ್ಲು ಗುಡ್ಡವಾಯಿತು.

ಈಗಲೂ ಬಂದವರು ಬಂಡೆಯ ಪಡುವಣ ಮಗ್ಗುಲಲ್ಲಿ ಬೆರಳಗಲದ ಒಂದು ಸವೆದ ಜಾಡನ್ನು ನೋಡಬಹುದು. ಒಂದು ತುದಿ ಆಳ, ನುಣುಪು. ಸಮುದ್ರದ ಕಡೆಗೆ ಹೋಗುತ್ತ ಹೋಗುತ್ತ ತೆಳುವಾಗಿ, ಕೈ ಮೇಲೆದ್ದ ಜಾಗದಲ್ಲಿ ಇಲ್ಲವಾಗುತ್ತದೆ. ಬೆರಳಿಟ್ಟು ಎಳೆದವರೆಲ್ಲ ತುದಿಗೆ ಬಂದಾಗ ತಾವಾಗಿಯೇ ತಲೆಯೆತ್ತಿ ನೀರಿನತ್ತ ನೋಡುತ್ತಾರೆ, ಒಂದು ಗಳಿಗೆ ಮಾತಾಡುವುದಿಲ್ಲ. ನೀವೂ ಈಗ ಹಾಗೆಯೇ ಸುಮ್ಮನಾದಿರಿ. ಇಂಥ ಹೊತ್ತಿನಲ್ಲಿ ಇಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ ಎಂದು ನನಗೆ ಅನುಭವವಿದೆ. ಕೆಳಗಿನ ಅಂಗಡಿಯಲ್ಲಿ ನಾನು ಕುಡಿದ ಚಹಾದ್ದು ನೀವೇ ಕೊಟ್ಟುಬಿಡಿ.