ನೇಕಾರನ ಲವಂಗ

"ಗುರುಗಳೇ, ನನ್ನ ಗೆಳೆಯನೊಬ್ಬನಿಗೆ ಕುಡಿತದ ಚಟ. ಬಿಡಬೇಕೆನ್ನುವವರು ಪ್ರತಿ ಶನಿವಾರ ಸೇರಿ ಕೂರುವ ಕೂಟವೊಂದು ಊರಲ್ಲಿದೆ. ಪೂರ್ತಿ ಬಿಟ್ಟ ಮೇಲೆ ಅಲ್ಲಿಗೆ ಹೋಗುತ್ತೇನೆ ಅನ್ನುತ್ತಾನೆ. ಅದು ಸರಿಯೇ?" ಎಂದು ಶಿಷ್ಯ ಕೇಳಿದ.

ದಿನವೂ ಗುರುಗಳ ಹತ್ತಿರವೇ ಕೂರುತ್ತಿದ್ದವನು ಅಂದು ದೂರದ ಕಂಬಕ್ಕೆ ಒರಗಿ ಕೂತಿದ್ದ. ಬಾಯಲ್ಲಿ ಲವಂಗ ಜಗಿಯುತ್ತಿದ್ದ.

ಗುರುಗಳು ಅವನನ್ನು ಒಮ್ಮೆ ನೋಡಿ, "ನಿನ್ನ ಗೆಳೆಯನಿಗೆ ಒಪ್ಪುವ ಕತೆಯೊಂದಿದೆ, ಕೇಳು" ಎಂದು ಶುರುಮಾಡಿದರು.

ಒಬ್ಬ ನೇಕಾರನಿದ್ದ. ಕೈ ಬಂಗಾರದಂಥದ್ದು, ಆದರೆ ಬಾಯಿಗೆ ಹೆಂಡ ಬೇಕು. ಕಾಲ ಕಳೆದಂತೆ ಬಾಯಿಯ ಕೇಡು ಕೈಗೂ ಇಳಿಯಿತು. ಬೆಳಿಗ್ಗೆ ಲಾಳಿ ಹಿಡಿದರೆ ಬೆರಳು ನಡುಗುತ್ತಿದ್ದವು. ಹೆಂಡತಿ ಬೈದಳು, ಅತ್ತಳು, ಸಹಿಸಿದಳು. ಕೊನೆಗೆ ಒಂದು ದಿನ ಹೇಳಿದಳು: "ಮಗ್ಗದ ಮೇಲಿರೋ ಈ ಹಾಸಿನ ನೂಲು ಮುಗಿಯೋತನಕ ಇರ್ತೀನಿ. ಅಷ್ಟರಲ್ಲಿ ನೀನು ದಾರಿಗೆ ಬರದಿದ್ರೆ ನನ್ನ ತವರಿನ ದಾರಿ ನನಗೆ."

ಅಂದಿನಿಂದ ನೇಕಾರ ಬೇಕೆಂದೇ ನಿಧಾನವಾಗಿ ನೇಯತೊಡಗಿದ. ಆದರೆ ಹೊಟ್ಟೆ ಕೇಳಬೇಕಲ್ಲ. ಎಷ್ಟು ನಿಧಾನ ಮಾಡಿದರೂ ಬಟ್ಟೆ ಬೆಳೆಯುತ್ತಲೇ ಇತ್ತು, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸು ಕಡಿಮೆಯಾಗುತ್ತಲೇ ಇತ್ತು.

ಕುಡಿತ ಬಿಡಲು ಜನ ಒಟ್ಟಾಗಿ ಕೂರುವ ಕೂಟವೊಂದಿದೆ ಎಂದು ಅವನು ಕೇಳಿದ್ದ. ಎಲ್ಲಿ ಎಂದು ಯಾರನ್ನು ಕೇಳುವುದು? ಪೂಜಾರಿಯನ್ನು ಕೇಳಲು ನಾಚಿಕೆ, ನೆಂಟರನ್ನು ಕೇಳಲು ಹೆದರಿಕೆ. ಇನ್ನು ಸಲಿಗೆಯಿದ್ದವನೆಂದರೆ ಹೆಂಡದಂಗಡಿಯವನೇ. ಅವನನ್ನೇ ಕೇಳಿದ.

"ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು? ನನ್ನ ಒಳ್ಳೊಳ್ಳೆ ಗಿರಾಕಿಗಳೆಲ್ಲ ಅಲ್ಲಿಗೇ ಹೋಗಿ ಹಾಳಾದ್ರು" ಎಂದು ಅಂಗಡಿಯವ ಗೊಣಗಿದ. "ಕೆರೆ ಏರಿ ಕೆಳಗಿನ ಛತ್ರ, ಶನಿವಾರ ಸಂಜೆ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ ಮಾರಾಯ."

ದಾರಿ ಸಿಕ್ಕಿತು, ಆದರೆ ನೇಕಾರ ಹೋಗಲಿಲ್ಲ. ಅವನ ಮನೆತನದಲ್ಲಿ ಒಂದು ರೂಢಿ. ಸ್ನಾನ ಮಾಡಿ ಕೈಮುಗಿಯದೆ ನೇಯಲು ಮಗ್ಗದ ಗುಂಡಿಗೆ ಇಳಿಯುವಂತಿಲ್ಲ. ಅದೇ ನೇಮವನ್ನು ಅವನು ಛತ್ರಕ್ಕೂ ಹಚ್ಚಿದ. ಒಂದು ವಾರ ಹೆಂಡ ಮುಟ್ಟದೆ ಇದ್ದು, ಚೊಕ್ಕ ಬಾಯಲ್ಲಿ ಹೋಗೋಣ ಅಂದುಕೊಂಡ. ಪ್ರತಿ ಸಲವೂ ಶನಿವಾರಕ್ಕೆ ಮೊದಲೇ ಎಡವಿದ. ಹೋಗಲಾಗಲಿಲ್ಲವಲ್ಲ ಎಂಬ ಸಂಕಟಕ್ಕೆ ಇನ್ನಷ್ಟು ಕುಡಿದ. ಮರ್ಯಾದಸ್ಥ ಮನುಷ್ಯ, ಪಾಪ. ಆ ಮರ್ಯಾದೆಯೇ ಅವನನ್ನು ಮುಳುಗಿಸುತ್ತಿತ್ತು.

ಹಾಸು ಇನ್ನು ಗೇಣುದ್ದ ಮಾತ್ರ ಉಳಿದಿತ್ತು. ಮತ್ತೊಂದು ಶನಿವಾರ ಬಂತು. ಅವನು ಮಧ್ಯಾಹ್ನವೇ ಕುಡಿದಿದ್ದ. ಮನೆಗೆ ಬಂದರೆ, ಹೆಂಡತಿ ಅಟ್ಟದಿಂದ ಪೆಟ್ಟಿಗೆ ಇಳಿಸಿ ಧೂಳು ಒರೆಸುತ್ತಿದ್ದಳು. ತವರಿಗೆ ಹೊರಡುವ ತಯಾರಿ ಎಂದು ನೇಕಾರನಿಗೆ ಹೊಳೆಯಿತು. ವಾಸನೆ ಮುಚ್ಚಲು ಸಿಕ್ಕಷ್ಟು ಲವಂಗ ಬಾಯಿಗೆ ಹಾಕಿಕೊಂಡು ಓಡಿದ. ಛತ್ರದ ಬಾಗಿಲಿಗೆ ಹೋಗಿ ನಿಂತ.

ಒಳಗೆ ಜನ ದುಂಡಗೆ ಕೂತಿದ್ದರು. ಅವರಲ್ಲೊಬ್ಬ ಮುದುಕ ಕಮ್ಮಾರ ಮೂಗರಳಿಸಿ ನಕ್ಕ. "ಓಹೋ, ಲವಂಗ! ಒಳಗೆ ಬಾರಪ್ಪ. ನಾವೆಲ್ಲ ಅದನ್ನ ಜಗಿದು ಜಗಿದು ನಾಲಿಗೆ ಸುಟ್ಕೊಂಡವ್ರೇ. ಉಗಿದು ಬಂದು ಕೂತ್ಕೊ."

"ಇವತ್ತೂ ಕುಡಿದಿದ್ದೀನಿ ಯಜಮಾನ್ರೇ" ಎಂದ ನೇಕಾರ. "ನೇಯೋನು ನಾನು. ಮೈಲಿಗೇಲಿ ಮಗ್ಗ ಮುಟ್ಟಿದೋನಲ್ಲ. ಬಿಟ್ಟ ಮೇಲೆ ಬರ್ತೀನಿ."

"ಹೊಸ ಹಾಸನ್ನ ಮಗ್ಗಕ್ಕೆ ಹೆಂಗೆ ಏರಿಸ್ತೀಯ? ಹಳೇದನ್ನೆಲ್ಲ ಕಿತ್ತು ಹಾಕ್ತೀಯಾ?" ಎಂದು ಕಮ್ಮಾರ ಕೇಳಿದ.

ನೇಕಾರನಿಗೆ ಅಷ್ಟು ಸಂಕಟದಲ್ಲೂ ನಗು ಬಂತು. ಕಸುಬು ತಿಳಿಯದವರು ಕೇಳುವ ಮಾತು ಇದು. "ಕೀಳೋದುಂಟೇ? ಬಟ್ಟೆ ಕೊಯ್ದ ಮೇಲೂ ಹಳೇ ಎಳೆ ತುದಿ ಮಗ್ಗದಲ್ಲೇ ಇರ್ಬೇಕು. ಹೊಸ ಎಳೆನ ಅದಕ್ಕೇ ಹೊಸೆಯೋದು..." ಎನ್ನುತ್ತಿದ್ದವನಿಗೆ ತನ್ನ ಮಾತೇ ತನಗೆ ತಾಗಿತು.

ಅವನು ಹೊರಗೆ ಹೋಗಿ ಲವಂಗ ಉಗಿದ. ಒಳಗೆ ಬಂದು ಅವರ ನಡುವೆ ಕೂತು, ಮಗುವಿನ ಹಾಗೆ ಅತ್ತ. ಯಾರೂ ಸುಮ್ಮನಿರು ಅನ್ನಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನ ಎದೆ ಹಗುರಾಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಬಾಯಿಗೆ ಅಡ್ಡ ಕೈ ಹಿಡಿಯಲಿಲ್ಲ.

ಹಾಸು ಮುಗಿಯಿತು. ಬಟ್ಟೆ ಕೊಯ್ದು ಅವನು ತಲೆ ತಗ್ಗಿಸಿ ಕೂತಿದ್ದ. ಹೆಂಡತಿ ಬಂದು ಮಗ್ಗದ ಆಚೆ ಬದಿಗೆ ಕೂತು, ಹಳೆಯ ಎಳೆಯ ತುದಿ ಹಿಡಿದಳು. "ಎಳೆ ಹೊಸೆಯೋಕೆ ಎದುರಿಗೊಬ್ರು ಬೇಕಲ್ಲ. ಶನಿವಾರ ಮಾತ್ರ ತಪ್ಪಿಸ್ಬೇಡ" ಎಂದಳು.

ಆಮೇಲೂ ಅವನು ಎಡವಿದ್ದುಂಟು. ಎಡವಿದ ವಾರವೂ ಛತ್ರಕ್ಕೆ ಹೋದ. ಬರುಬರುತ್ತ ಎಡವುವುದು ನಿಂತಿತು. ಬೆರಳು ನೆಟ್ಟಗಾದವು, ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಎದ್ದು, ಕಂಬದ ಬಳಿಯಿಂದಲೇ ಕೈಮುಗಿದು, "ನನ್ನ ಗೆಳೆಯನಿಗೆ ಹೇಳುತ್ತೇನೆ" ಎಂದ.

ಗುರುಗಳು ಮೆಲ್ಲಗೆ ಹೇಳಿದರು: "ಇವತ್ತು ಶನಿವಾರ ಕಣಪ್ಪ, ಬಾಯಲ್ಲಿರುವ ಲವಂಗ ಉಗಿದು ಹೊರಡು."