ಸೇಬಿನ ಮರಕ್ಕೆ ಕಾಮಾಲೆ

ತಣ್ಣನೆಯ ಬೆಟ್ಟದ ಮೇಲೆ ಒಂದು ಕಾಡಿನಲ್ಲಿ ಜೇನಪ್ಪ ಎಂಬ ಕರಡಿ ಇದ್ದ. ಬಲು ಒಳ್ಳೆಯವನು, ಆದರೆ ಯಾರು ಏನು ಹೇಳಿದರೂ ನಂಬಿಬಿಡುತ್ತಿದ್ದ.

ವಲಸೆ ಹಕ್ಕಿಯೊಂದು ಕೊಟ್ಟ ಸೇಬಿನ ಕಡ್ಡಿಯನ್ನು ಅವನು ಕಾಡುಸೇಬಿನ ಗಿಡಕ್ಕೆ ಕಸಿ ಕಟ್ಟಿದ್ದ. ನಾಲ್ಕು ವರ್ಷ ನೀರು ಹೊತ್ತಿದ್ದೇ ಹೊತ್ತಿದ್ದು! ಈ ವರ್ಷ ಮರ ಕಾಯಿ ಬಿಟ್ಟಿತು. ಗೊಂಚಲಿಗೆ ಐದಾರು ಕಾಯಿ. ಮನಸ್ಸು ಗಟ್ಟಿ ಮಾಡಿಕೊಂಡು ಒಂದೊಂದನ್ನೇ ಉಳಿಸಿ, ಮಿಕ್ಕ ಹೀಚುಗಳನ್ನು ಚಿವುಟಿ ಹಾಕಿದ. ಉಳಿದವು ದಪ್ಪಗಾದವು. "ಕೆಂಪಗಾದ ದಿನ ಇಡೀ ಕಾಡಿಗೆ ಹಣ್ಣಿನೂಟ!" ಎಂದು ಎಲ್ಲರನ್ನೂ ಕರೆದೂ ಬಂದ.

ಕಾಯಿ ಕೆಂಪಗಾಗಲೇ ಇಲ್ಲ. ಹಸಿರು ಹೋಗಿ ಹಳದಿಯಾಯಿತು. ಜೇನಪ್ಪ ಹಳದಿ ಸೇಬನ್ನು ಕಂಡವನೇ ಅಲ್ಲ. ಮರಕ್ಕೆ ಏನೋ ಆಗಿದೆ ಎಂದು ಅದರ ಸುತ್ತಲೇ ಸುತ್ತತೊಡಗಿದ.

ಅಷ್ಟರಲ್ಲಿ ನಯಣ್ಣ ಎಂಬ ನರಿ ಬಂದ. ಘಮಕ್ಕೇ ಅವನಿಗೆ ತಿಳಿದುಹೋಯಿತು: ಇದು ಹಳದಿ ಜಾತಿಯ ಸೇಬು, ಚೆನ್ನಾಗಿ ಹಣ್ಣಾಗಿದೆ.

"ಅಯ್ಯೋ ಜೇನಪ್ಪಣ್ಣ, ಮರಕ್ಕೆ ಕಾಮಾಲೆ! ಕಣ್ಣಿಗೆ ಕಾಣಿಸುತ್ತಿಲ್ಲವೇ? ಮುಟ್ಟಿದವರಿಗೂ ಅಂಟುತ್ತದೆ!"

"ಈಗೇನಪ್ಪಾ ಮಾಡಲಿ? ಎಲ್ಲರನ್ನೂ ಊಟಕ್ಕೆ ಕರೆದಾಗಿದೆ!"

"ನಾನಿದ್ದೇನಲ್ಲ! ನನ್ನ ಪ್ರಾಣ ಹೋದರೂ ಸರಿ, ದಿನಾ ಒಂದಿಷ್ಟು ಒಯ್ದು ಹೂತುಹಾಕುತ್ತೇನೆ."

"ಎಂಥ ದೊಡ್ಡ ಮನಸ್ಸಪ್ಪಾ ನಿನ್ನದು!" ಜೇನಪ್ಪ ಕಣ್ಣೊರೆಸಿಕೊಂಡ.

ನರಿ ಹೂತದ್ದೆಲ್ಲ ತನ್ನ ಹೊಟ್ಟೆಯಲ್ಲಿ! ಕೆಳಗಿನ ಕೊಂಬೆಗಳು ಬರಿದಾದವು. ಮೂರನೆಯ ದಿನ ಹೊಟ್ಟೆ ಡೋಲಿನಂತೆ ಉಬ್ಬಿ, ಏಳಲಾರದೆ ನರಳುತ್ತಾ ಮಲಗಿದ.

ನೋಡಲು ಬಂದ ಜೇನಪ್ಪ ಹೌಹಾರಿದ. "ಅಯ್ಯಯ್ಯೋ, ನಮಗಾಗಿ ಹೋಗಿ ನಿನಗೇ ಅಂಟಿತಲ್ಲಪ್ಪಾ!" ಓಡಿಹೋಗಿ ಕಾಮಾಲೆಯ ಮದ್ದಿನ ಗಿಡ ನೆಲನೆಲ್ಲಿಯನ್ನು ಕಿತ್ತು, ಅರೆದು, ಕಹಿ ಕಹಿ ರಸ ತಂದ. ಪ್ರೀತಿಯಿಂದಲೇ ಮೂಗು ಹಿಡಿದು ಕುಡಿಸಿದ. "ಇನ್ನು ಇಪ್ಪತ್ತೊಂದು ದಿನ ಪಥ್ಯ. ಮೂರು ಹೊತ್ತೂ ಇದೇ ರಸ, ಉಪ್ಪಿಲ್ಲದ ಗಂಜಿ. ನಿನ್ನನ್ನು ಬಿಟ್ಟು ನಾನು ಕದಲುವುದಿಲ್ಲ."

ನರಿ ಎರಡು ಹೊತ್ತು ತಡೆದುಕೊಂಡ. ಮೂರನೆಯ ಬಟ್ಟಲು ಬಾಯಿಗೆ ಬಂದಾಗ ಕಿರುಚಿಯೇಬಿಟ್ಟ: "ಬೇಡಪ್ಪೋ! ಕಾಮಾಲೆಯೂ ಇಲ್ಲ, ಗೀಮಾಲೆಯೂ ಇಲ್ಲ! ಆ ಸೇಬು ಹಣ್ಣಾದರೆ ಹಳದಿಯೇ! ತಿಂದು ತಿಂದು ನನ್ನ ಹೊಟ್ಟೆ ಕೆಟ್ಟಿದೆ, ಅಷ್ಟೇ!"

ಜೇನಪ್ಪ ಮರದ ಬಳಿಗೆ ಓಡಿದ. ಒಂದು ಹಣ್ಣು ಕೊಯ್ದು ಹೋಳು ಮಾಡಿದ. ಬೀಜ ಚೆನ್ನಾಗಿ ಬಲಿತು ಕಂದು ಬಣ್ಣಕ್ಕೆ ತಿರುಗಿತ್ತು. ಕಚ್ಚಿದರೆ ಸಿಹಿ ರಸ ಗಲ್ಲದ ಮೇಲೆಲ್ಲ ಸುರಿಯಿತು. ಆಹಾ, ಕರಡಿ ಕುಣಿದದ್ದೇ ಕುಣಿದದ್ದು! ಮೇಲಿನ ಕೊಂಬೆಗಳ ತುಂಬ ಇನ್ನೂ ಹಣ್ಣಿತ್ತು. ತೆಳು ಸಿಪ್ಪೆಯ ಹಣ್ಣು, ಬಿದ್ದರೆ ಜಜ್ಜಿಹೋಗುತ್ತದೆಂದು ಕೋತಿಗಳು ತೊಟ್ಟಿನ ಸಮೇತ ಕೊಯ್ದು ಕೈಯಿಂದ ಕೈಗೆ ಇಳಿಸಿದವು. ಇಡೀ ಕಾಡು ಸಾಲಾಗಿ ಊಟಕ್ಕೆ ಕುಳಿತಿತು.

ನಯಣ್ಣನೂ ನಾಚಿಕೆ ಬಿಟ್ಟು ಬಂದು ಕುಳಿತ. ಅವನ ಎಲೆಗೆ ಮಾತ್ರ ಗಂಜಿ ಬಿತ್ತು.

"ಹೊಟ್ಟೆ ಕೆಟ್ಟಿದೆ ಅಂದೆಯಲ್ಲಪ್ಪಾ, ಅದಕ್ಕೂ ಪಥ್ಯವೇ" ಅಂದ ಜೇನಪ್ಪ.

ನೀತಿ: ಇನ್ನೊಬ್ಬರ ಪಾಲು ಕಬಳಿಸಲು ಹೇಳಿದ ಸುಳ್ಳು ಕೊನೆಗೆ ಹೇಳಿದವನನ್ನೇ ಕಾಡುತ್ತದೆ.